ಸ್ಟುಡಿಯೊ ಮನೆಯ ಬಾಗಿಲು

ಮಾಂಟೆವಿಡಿಯೊದ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಇಬ್ಬರು ಒಂದೇ ಸೋರೆಬುರುಡೆಯಿಂದ ಮಾಟೆ ಎಂಬ ಎಲೆಯ ಬಿಸಿ ಕಷಾಯವನ್ನು ಸರದಿಯಂತೆ ಹೀರುತ್ತ ನಿಂತಿದ್ದರು. ನೀಬಿಯಾ ಮಕ್ಕಳ ಟೀವಿಯ ಸೆಟ್ ವಿನ್ಯಾಸಕಿ, ವಿಲ್ಮಾರ್ ಅಲ್ಲಿನ ಬಡಗಿ ಎಂಬುದು ಮಾತಿನಿಂದಲೇ ತಿಳಿಯಿತು.

"ಸೆಟ್ಟಿನ ಮನೆಗೆ ಬಾಗಿಲನ್ನ ಗೋಡೆ ಮೇಲೆ ಬಣ್ಣದಲ್ಲಿ ಬರೆದ್ರೆ ಸಾಕಂತೆ. ನೀನು ಒಪ್ಪದಿದ್ರೆ ಚಾನೆಲ್ ಸಾಹೇಬ್ರು ಇವತ್ತೇ ಸೆಟ್ ಕೆಲಸಾನ ಬೇರೆಯವರಿಗೆ ಕೊಡ್ತಾರಂತೆ," ಎಂದ ವಿಲ್ಮಾರ್.

"ಅವರು ಕೊಡಲ್ಲ ಬಿಡು. ಎರಡು ಕಾರ್ಯಕ್ರಮದ ನಡುವೆ ನಿರೂಪಕಿ ಬಂದಾಗೆಲ್ಲ ಮಕ್ಕಳು ಆ ಬಾಗಿಲನ್ನೇ ನೋಡ್ತಾರೆ. ಅದು ನಿಜವಾಗ್ಲೂ ತೆರೀಲೇಬೇಕು."

"ಹಿಂದೆ ಇರೋದು ಒಂದು ಮೊಳ ಜಾಗ, ತಾಯಿ. ಒಳಗಿಂದ ಯಾರು ಬರ್ತಾರೆ?"

"ಕೈ ಬರುತ್ತೆ. ನಿರೂಪಕಿಗೆ ಮುಂದಿನ ಕಾರ್ಯಕ್ರಮದ ಹೆಸರಿರೋ ಚೀಟಿ ಕೊಟ್ಟು ಒಳಗೆ ಹೋಗುತ್ತೆ."

"ಯಾರ ಕೈ?"

"ನಿಂದೇ ಕಣಯ್ಯ. ಹೊಟ್ಟೆ ಒಳಗೆಳ್ಕೊಂಡು ನಿಂತ್ಕೋ."

ವಿಲ್ಮಾರ್ ಬಲಗೈ ಎತ್ತಿ ತೋರಿಸಿದ. ಕಿರುಬೆರಳು ಇರಲಿಲ್ಲ. "ಗರಗಸ ತಿಂದಿದ್ದು. ಮಕ್ಕಳು ಎಣಿಸಿಬಿಡ್ತಾರೆ."

"ಎಣಿಸಲಿ. ಆ ಕೈ ಯಾರದು ಅಂತ ಗೊತ್ತಾಗೋ ತನಕ ಒಂದು ಮಗೂನೂ ಚಾನೆಲ್ ಬದಲಾಯಿಸಲ್ಲ. ಸಾಹೇಬ್ರಿಗೂ ಇದನ್ನೇ ಹೇಳ್ತೀನಿ."

ಬಸ್ ಬಂತು. ಆಕೆಯ ಹಿಂದೆ ಮೆಟ್ಟಿಲು ಹತ್ತುತ್ತ ವಿಲ್ಮಾರ್ ಕೇಳಿದ:

"ಬಾಗಿಲಿನ ಕೀಲು ಎಡಕ್ಕಿಡ್ಲೋ, ಬಲಕ್ಕೋ?"