ಗೋಡೆ ಪಕ್ಕದ ಸ್ಟೂಲು

ಹೆರಿಗೆ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅತ್ತೆ, ಸೊಸೆ ಕೂತಿದ್ದರು. ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ಮುಂಗೈ ಮೇಲೆ ಸುಟ್ಟ ಗೆರೆಗಳಿದ್ದವು.

"ಅತ್ತೆ, ನಿನ್ನೆ ಸೂಪರ್‌ವೈಸರ್‌ಗೆ ಹೇಳ್ಬಿಟ್ಟೆ."

"ಏನಂತ?"

"ಎರಡು ತಿಂಗಳು ಅಂತ."

ಅತ್ತೆ ಸುತ್ತ ಕೂತವರ ಕಡೆ ಕಣ್ಣಾಡಿಸಿದರು.

"ಬೇಜಾರು ಮಾಡ್ಕೋಬೇಡಿ. ಮೂರು ತುಂಬೋವರ್ಗೂ ಬಾಯಿ ಬಿಡಬೇಡ ಅಂತ ನೀವು ಹೇಳಿದ್ರಿ. ಹೋದ್ಸಲ ನಾನು ಬಾಯಿ ಬಿಡಲಿಲ್ಲ. ದಿನಕ್ಕೆ ಹತ್ತು ಗಂಟೆ ನಿಂತೇ ಇದ್ದೆ."

"ಹೋಗಿದ್ದು ಹೋಯ್ತು. ಆ ಮಗು ಮಾತು ಈಗ್ಯಾಕೆ?"

"ಈ ಸಲ ಹೇಳಿದ್ದೇ ತಡ, ಕೂರೋಕೆ ಸ್ಟೂಲ್ ಕೊಟ್ರು. ಗಂಟು ಎತ್ತಬೇಡ, ಆಗಾಗ ನೀರು ಕುಡಿ ಅಂದ್ರು."

"ಅಷ್ಟು ಸುಲಭವಾಗಿ ಕೊಟ್ರಾ?"

"ಗೋಡೆ ಪಕ್ಕದಲ್ಲೇ ಇತ್ತು ಅತ್ತೆ. ಹೋದ್ಸಲಾನೂ ಅಲ್ಲೇ ಇತ್ತು."

ಅತ್ತೆ ಕೈಚೀಲದ ಹಿಡಿಯನ್ನು ತಿರುವುತ್ತ ಕೂತರು.

"ಯಾರ ಕಣ್ಣೂ ಬೀಳದೆ ಇರ್ಲಿ ಅಂತ ಹಾಗಂದೆ ಕಣೇ. ಸಂಜೆ ನೀನು ಕಾಲು ಊದಿಸ್ಕೊಂಡು ಬರ್ತಿದ್ದೆ. ನನಗೇ ಕಾಣಲಿಲ್ಲ."

"ಯಾರ ತಪ್ಪೂ ಅಲ್ಲ ಅಂದ್ರಲ್ಲ ಡಾಕ್ಟ್ರು."

"ಅವರಂದ್ರು. ನೀನು ಅಂದಿಲ್ಲ."

ಸೊಸೆ ಆಗಲೂ ಅನ್ನಲಿಲ್ಲ.

ನರ್ಸ್ ಅವರ ನಂಬರು ಕೂಗಿದಳು. ಬಾಗಿಲ ಹತ್ತಿರ ಜನ ಒತ್ತಿಕೊಂಡು ನಿಂತಿದ್ದರು. ಅತ್ತೆಯೇ ಮೊದಲು ಎದ್ದು, ಸೊಸೆಯ ರಟ್ಟೆ ಹಿಡಿದು, ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು:

"ಸ್ವಲ್ಪ ದಾರಿ ಬಿಡ್ರಮ್ಮ, ನಮ್ಮ ಸೊಸೆ ಬಸುರಿ. ಎರಡು ತಿಂಗಳು."

ಅಲ್ಲಿದ್ದವರೆಲ್ಲ ಬಸುರಿಯರೇ. ಆದರೂ ದಾರಿ ಬಿಟ್ಟರು.