ಅಮೀನ ತಂದ ಕಾಗ್ದ

...ಮಾರಿ ಯಾಕ ಆಕಡಿ ತಿರುವ್ತಿ? ಬೆಂಗ್ಳೂರು ಬಸ್ ಬರೋದ್ರೊಳಗ ನಿನ್ ಹೇಣ್ತಿ ಮಾತಿಗೆ ಒಪ್ಕೊ ನನ್ನಪ್ಪ. ನಾಳೆ ಹೈಕೋರ್ಟ್‌ನ್ಯಾಗ ಜಡ್ಜ್ ಕೇಳಿದ ಕೂಡ್ಲೆ "ತಪ್ಪಾತ್ರಿ, ಕ್ಷಮಿಸ್ರಿ" ಅನ್ನು. ಅಷ್ಟ ಸಾಕು. ಮುಂದ ಒಂದ್ ಮಾತೂ ಬ್ಯಾಡ.

ಹೂಂ, ಗೊತ್ತೈತಿ. ಕೋರ್ಟಿನ ತಡೆ ಕಾಗ್ದ ನಿನಗ ಮುಟ್ಟಿಲ್ಲ. ಮುಟ್ಟಿದ್ರ ಕೇಸು ಹಾಕಿದ ಆ ಕಲ್ಯಾಣಮ್ಮ ನಂದು ಅನ್ನೋ ಜಾಗದಾಗ ಕುರಿಹಟ್ಟಿ ಗ್ವಾಡಿ ಎಬ್ಬಿಸ್ತಿದ್ದಿಲ್ಲ ನೀನು. ಆದ್ರ ವಕೀಲ್ರು ಏನಂದ್ರು? ತಡೆ ಮೀರಿ ಗ್ವಾಡಿ ಕಟ್ಟಿದ್ದು ಒಂದು ಕೋರ್ಟ್ ನಿಂದನಿ. ಹೋದ ಸಲ ಜಡ್ಜ್ ಎದುರಿಗೆ "ಇದು ಸುಳ್ಳರ ಕೋರ್ಟು" ಅಂತ ಒದರಿದ್ಯಲ್ಲ, ಅದು ಇನ್ನೊಂದು. ಆರಾರು ತಿಂಗ್ಳ ತನಕ ಒಳಗ ಹಾಕಬೌದಂತ. ಮನಸಾರೆ ತಪ್ಪಾತು ಅಂದ್ರ ಬಿಡ್ತಾರಂತ. ಗೆದ್ದಾವ ಸೋತ, ಸೋತಾವ ಸತ್ತ... ಕೋರ್ಟಂದ್ರ ಅಷ್ಟ. ನಿನಗ್ಯಾಕ ಈ ಹಟ?

ಮತ್ತ ಅದನ್ನ ಅಂತೀಯ. ಕಾಗ್ದ ಮುಟ್ಟಿಸೀನಿ ಅಂತ ತೋರ್ಸಾಕ ಕೋರ್ಟಿನ ಅಮೀನ ತಾನ ಹೆಬ್ಬೆಟ್ಟು ಒತ್ಕೊಂಡಾನ ಅಂತ ಹೆಂಗಂತಿ? ಪಾಪ, ವಯಸ್ಸಾದಾವ. ಬಿಸಲಾಗ ಸೈಕಲ್ ತುಳ್ಕೊಂಡು ನಮ್ಮ ಹೊಸಹಳ್ಳಿ ತನಕ ಬಂದು, ಎರಡು ಚೆಂಬು ನೀರು ಕುಡ್ದು...

ಆಂ? ಏನಿಲ್ಲ. ಅಮೀನರೆಲ್ಲ ಸೈಕಲ್ಲಿನ್ಯಾಗ ಬರ್ತಾರಲ್ಲ... ಅದಕ್ಕಂದೆ.

ಹಂಗ ನೋಡಬ್ಯಾಡ. ಏನಾರ ಅನ್ನು.

...ಹೂಂ. ನಾನ ಒತ್ತಿದ್ದು. ನೀ ಹರಪನಹಳ್ಳಿ ಕಡೆ ಕುರಿ ಹೊಡ್ಕೊಂಡ್ ಹೋಗಿದ್ದಿ. ಗ್ವಾಡಿ ಕಟ್ಟಬಾರ್ದಂತ ತಡೆ ಬಂದೈತಿ, ನಿನ್ ಗಂಡಗ ಕೊಡವ್ವ ಅಂತ ಅಮೀನ ಬಿಡಿಸಿ ಹೇಳಿದ. ಕಾಗ್ದ ಜ್ವಾಳ ತುಂಬೋ ಮಣ್ಣಿನ ವಾಡೇದಾಗ ಹಾಕಿದೆ. ನೀ ಬಂದು ಕಲ್ಲು ಹೊರಿಸಿದಿ... ಹೇಳ್ಬೇಕಂತ ಬಾಯಿ ತನಕ ಬಂತು, ಹೇಳಲಿಲ್ಲ. ಊರಾಗ ಕುರಿಗೆ ಹಟ್ಟಿ ಒಂದು ಎದ್ದುಬಿಟ್ರ ನೀ ವರ್ಷಕ್ಕ ಎಂಟು ತಿಂಗ್ಳು ಅಡವಿ ಪಾಲಾಗೋದು ತಪ್ತೈತಿ, ಮನ್ಯಾಗ ಇರ್ತಿ ಅಂತ ಆಸಿ ಬಿದ್ದೆ. ನಿನ್ ಜೋಡಿ ಇರಾಕ ಆಸಿ ಬಿದ್ದೆ, ಅಷ್ಟ.

ನೀನೋ... ಅಷ್ಟ್ ಮಂದಿ ವಕೀಲ್ರ ಎದುರಿಗೆ, "ನನ್ ಸುಂಕಮ್ಮ ನನ್ನತ್ರ ಏನೂ ಮುಚ್ಚಿಡಾಕಿ ಅಲ್ರಿ, ಅಮೀನ ಹೇಳಿದ್ದ ಸುಳ್ಳು" ಅಂದುಬಿಟ್ಟಿ. ನಾ ಹಿಂದ ನಿಂತಿದ್ದೆ. ಭೂಮಿ ಬಾಯಿ ಬಿಡಬಾರ್ದಾ ಅನಿಸ್ತು.

ಬಸ್ ಬಂತು. ನಾನೂ ಬರ್ತೀನಿ. ಮುಚ್ಚಿಟ್ಟಾಕಿ ನಾನು, ಅವಗ ಗೊತ್ತಿದ್ದಿಲ್ಲ ಅಂತ ಜಡ್ಜ್‌ಗೆ ನಾನ ಹೇಳ್ತೀನಿ. ಗ್ವಾಡಿ ಕಟ್ಟಿದ ತಪ್ಪಾದ್ರೂ ಬಿಡ್ತಾರ. ಮಂದಿ ಏನ್ ಬೇಕಾದ್ರೂ ಅನ್ಲಿ... ಆ ಚೀಲ ಇತ್ಲಾಗ ಕೊಡು. ಯಾಕ ಕೊಡವಲ್ಲಿ? ಬೈಯಿ, ಹೊಡಿ... ನನ್ನ ಬಿಟ್ಟು ಬಸ್ ಹತ್ತಬ್ಯಾಡ ಮಾರಾಯ.

ಕಂಡಕ್ಟರಣ್ಣ, ತಡೀಯಪ್ಪ, ನಾನೂ ಹತ್ತಬೇಕು...

ಏನು? ನಿನಗೊಬ್ಬಗ ಅಂತ ಒಂದ ಟಿಕೀಟ್ ತಗೊಂಡ್ಯಾ?