ಪಕ್ಕದ ಲೇನು

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳಲು ಇಬ್ಬರು ಓಟಗಾರ್ತಿಯರು ನನ್ನ ಪಕ್ಕ ಕಾಯುತ್ತಿದ್ದರು. ಹಿರಿಯೂರಿನ ದೀಪಾಳ ಮೀನಖಂಡ ಸೀಳಿತ್ತು. ಹೊಸದುರ್ಗದ ಮಂಗಳಾಳ ತುಟಿ ಒಡೆದಿತ್ತು.

“ನನ್ನ ಲೇನಿಗೆ ಯಾಕೆ ನುಗ್ಗಿದೆ?” ಎಂದಳು ದೀಪಾ.

“ಬೇಕಂತ ನುಗ್ಲಿಲ್ಲ. ಇಲ್ಲಿನ ಟ್ರ್ಯಾಕಲ್ಲಿ ತಿರುವು ಇಕ್ಕಟ್ಟು ಐತೆ, ಮೈ ಆಚೆಗೆ ಎಳೀತು.”

“ನಿನ್ನ ಶೂ ಮೊಳೆ ನನ್ನ ಕಾಲೊಳಗೆ ಇಳೀತು.”

“ಅದಕ್ಕೆ ಬಿದ್ದೋಳ ಎದೆ ಮೇಲೆ ಕುಂತು ಬಾಯಿಗೆ ಗುದ್ದೋದಾ?”

“ಗುದ್ದಿದ್ದು ಸಾಲ್ದು. ಕೈ ಅಡ್ಡ ಬೀಸಿದ್ರೆ ಮೈ ತಿರುಗ್ತೈತೆ. ನೆಟ್ಟಗೆ ಬೀಸು ಅಂತ ಯಾರೂ ಹೇಳ್ಲಿಲ್ವಾ?”

“ಮೇಷ್ಟ್ರು ಹೇಳ್ತಾನೇ ಇರ್ತಾರೆ. ಓಡೋವಾಗ ಮರೀತೀನಿ.”

“ಇನ್ನೊಂದ್ಸಲ ಮರೆತ್ರೆ ಹಲ್ಲು ಉದುರಿಸ್ತೀನಿ.”

“ಉದುರಿಸು. ಈಗ ಏಳು, ನಿನ್ನೇ ಕರೀತಿದಾರೆ.”

ದೀಪಾಳಿಗೆ ಕಾಲು ಊರಲಾಗಲಿಲ್ಲ. ಮಂಗಳಾ ಹೆಗಲು ಕೊಟ್ಟಳು. ದೀಪಾ ಅದನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದು ಕುಂಟುತ್ತ ಒಳಗೆ ಹೋದಳು.